ಸಂಜೆ ನಾಲ್ಕರ ನಂತರ ಮಗು ಯಾರ ಹತ್ತಿರ?

(ಉಡುಪಿಯಲ್ಲಿ ಮಹಿಳಾ ಮಂಡಲಗಳ ಸದಸ್ಯೆಯರು, ಗ್ರಾಮ ಪಂಚಾಯತ್ ಸದಸ್ಯರು ಮತ್ತು ಅಂಗನವಾಡಿ ಟೀಚರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಅಂಗನವಾಡಿಗಳು ಬೆಳಿಗ್ಗೆ 9.30ಕ್ಕೆ ತೆರೆದು ಸಂಜೆ 4ಕ್ಕೆ ಮುಚ್ಚುತ್ತವೆ. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ 8 ಗಂಟೆಗೆ ಮನೆ ಬಿಡುತ್ತಾಳೆ. ಕೆಲಸ ಮುಗಿಸಿ, ಬಸ್ಸು ಹತ್ತಿ, ಮನೆ ಸೇರುವಾಗ 6 ಆಗಿರುತ್ತದೆ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ, ಒಟ್ಟು ಮೂರೂವರೆ ಗಂಟೆ ಆ ಮಗು ಯಾರ ಹತ್ತಿರ ಇರುತ್ತದೆ? ಪಕ್ಕದ ಮನೆಯವರ ಹತ್ತಿರ. ಕಣ್ಣು ಮಂಜಾದ ಅಜ್ಜಿಯ ಹತ್ತಿರ. ಕೆಲವು ಕಡೆ ಐದನೇ ಕ್ಲಾಸಿನ ಅಕ್ಕನ ಹತ್ತಿರ. ತಮ್ಮನಿಗೆ ಜ್ವರ ಬಂದ ದಿನ ಆ ಅಕ್ಕ ಶಾಲೆಗೇ ಹೋಗುವುದಿಲ್ಲ. ಇದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತಿರುವ ವಿಷಯ.

ಈ ಸಮಯವನ್ನು ಸರ್ಕಾರದ ಅನುದಾನದಿಂದ ತುಂಬಿಸಲು ಆಗುತ್ತದಾ, ಆಗುವುದಾದರೆ ಹೇಗೆ ಕೇಳಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ನನಗೆ ತುಂಬಾ ಮುಖ್ಯ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. "ಸಮಯ ಹೆಚ್ಚಿಸಿ" ಅಂತ ಮಾತ್ರ ಅರ್ಜಿ ಕೊಡಬೇಡಿ. ಹೆಚ್ಚಿನ ಸಮಯಕ್ಕೆ ಹೆಚ್ಚಿನ ಜನ ಕೊಡಿ ಅಂತ ಕೇಳಿ. ಜನ ಕೊಡದೆ ಸಮಯ ಮಾತ್ರ ಹೆಚ್ಚಾದರೆ ಆ ಭಾರ ನೇರವಾಗಿ ಅಂಗನವಾಡಿ ಟೀಚರ್ ತಲೆ ಮೇಲೆ ಬೀಳುತ್ತದೆ. ಹಾಗೆ ಬಿದ್ದ ಯೋಜನೆ ಒಂದು ಮಳೆಗಾಲ ದಾಟುವುದಿಲ್ಲ.

ಅಂಗನವಾಡಿ ಯಾಕೆ ಹೀಗೆ ಅರ್ಧ ದಿನದ ಹಾಗೆ ಇದೆ ಅನ್ನುವುದಕ್ಕೆ ಕಾರಣ ಉಂಟು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆಗಿನ ಲೆಕ್ಕದಲ್ಲಿ ಇದು ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ ನೋಡುವುದು, ಮೂರು ದಾಟಿದ ಮಕ್ಕಳಿಗೆ ಆಟ-ಪಾಠ, ಇಷ್ಟಕ್ಕೆ ಮಾಡಿದ ಕೇಂದ್ರ. ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ಇಟ್ಟುಕೊಳ್ಳುವ ಜಾಗ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಹಾಗಾಗಿ ಮೂರು ವರ್ಷದೊಳಗಿನ ಮಗುವಿಗೆ ಇವತ್ತಿಗೂ ಪುಷ್ಟಿ ಆಹಾರದ ಪ್ಯಾಕೆಟ್ ಮನೆಗೆ ಬರುತ್ತದೆ, ಮಗುವನ್ನು ನೋಡಿಕೊಳ್ಳುವವರು ಬರುವುದಿಲ್ಲ. ಸಂಜೆಯ ಎರಡು ಗಂಟೆ ಬಿಡಿ, ಈ ಚಿಕ್ಕ ಮಕ್ಕಳಿಗೆ ಇಡೀ ದಿನವೇ ಖಾಲಿ.

ಈ ಖಾಲಿ ಜಾಗಕ್ಕೆ ಈಗ ಎರಡು ಬಾಗಿಲು ಇವೆ.

ಒಂದು, ಕೇಂದ್ರ ಸರ್ಕಾರದ 'ಪಾಲ್ನಾ' ಯೋಜನೆ. ಮೊದಲು ರಾಜೀವ್ ಗಾಂಧಿ ಹೆಸರಿನ ಶಿಶುಪಾಲನಾ ಯೋಜನೆ ಇತ್ತಲ್ವಾ, ಅದು 2017ರಲ್ಲಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಆಯಿತು. 2022ರಲ್ಲಿ ಮಹಿಳೆಯರಿಗಾಗಿ ಇರುವ ಮಿಷನ್ ಶಕ್ತಿ ಅನ್ನುವ ದೊಡ್ಡ ಯೋಜನೆಯೊಳಗೆ ಸೇರಿ ಪಾಲ್ನಾ ಆಯಿತು. ಇದರಲ್ಲಿ ಇರುವ ಅಂಗನವಾಡಿ-ಕಮ್-ಕ್ರೆಷ್, ಅಂದರೆ ಅಂಗನವಾಡಿಯೊಳಗೇ ಶಿಶುಪಾಲನಾ ಕೇಂದ್ರ ಅನ್ನುವ ಮಾದರಿಯೇ ನಮಗೆ ಬೇಕಾದದ್ದು. ಈಗಿರುವ ಅಂಗನವಾಡಿಯಲ್ಲೇ 6 ತಿಂಗಳಿಂದ 6 ವರ್ಷದ ಮಕ್ಕಳನ್ನು ನೋಡಿಕೊಳ್ಳುವುದು. ಅದಕ್ಕೆಂದೇ ಇನ್ನೊಬ್ಬ ಕಾರ್ಯಕರ್ತೆ, ಇನ್ನೊಬ್ಬ ಸಹಾಯಕಿ. ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಎರಡೂ ಪಾಲು ಬಂದ ಮೇಲೆಯೇ ಗೌರವಧನ ಕೈಸೇರುವುದು ಅನ್ನುವುದನ್ನೂ ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು, ನಮ್ಮ ರಾಜ್ಯದ 'ಕೂಸಿನ ಮನೆ' ಅನ್ನುವ ಶಿಶುಪಾಲನಾ ಕೇಂದ್ರ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತ್‌ಗಳಲ್ಲಿ ತೆರೆಯುತ್ತೇವೆ ಅಂತ ಘೋಷಣೆ ಆಯಿತು. ಒಳ್ಳೆಯ ಯೋಜನೆ, ಆದರೆ ಅದು ಹುಟ್ಟಿದ್ದು ಉದ್ಯೋಗ ಖಾತರಿ ಕೆಲಸಕ್ಕೆ ಬರುವ ತಾಯಂದಿರಿಗಾಗಿ. ಘಟ್ಟದ ಮೇಲೆ ಕೆರೆ ಹೂಳೆತ್ತಲು ದೊಡ್ಡ ಗುಂಪು ಒಟ್ಟಿಗೆ ಬರುತ್ತದೆ. ನಮ್ಮಲ್ಲಿ ಬಾವಿ, ದನದ ಹಟ್ಟಿ, ಅಡಿಕೆ ತೋಟ ಅಂತ ವೈಯಕ್ತಿಕ ಕಾಮಗಾರಿಗಳೇ ಜಾಸ್ತಿ. ಜಾಬ್ ಕಾರ್ಡ್ ಇರುವ ಹೆಂಗಸರನ್ನು ಮಾತ್ರ ಎಣಿಸಿದರೆ ಕರಾವಳಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಕಾಣುತ್ತದೆ. ನಿಮ್ಮ ಪಂಚಾಯತ್‌ನಲ್ಲಿ ಕೂಸಿನ ಮನೆ ಈಗಾಗಲೇ ಇದ್ದರೆ ಅದನ್ನು ಬಲಪಡಿಸಿ. ಇಲ್ಲದಿದ್ದರೆ ಪಾಲ್ನಾ ಕಡೆ ನೋಡಿ.

ಈಗ ಗಂಟೆಯ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪಾಲ್ನಾ ನಿಯಮದಲ್ಲಿ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ಅಂತ ಇದೆ. ಅಂಗನವಾಡಿ 9.30ರಿಂದ 4ರ ತನಕ ಅಂದರೆ ಆರೂವರೆ ಗಂಟೆ. ಸುಮ್ನೆ ಕೂಡಿ ಕಳೆದರೆ ಸಿಗುವುದು ಬರೀ ಒಂದು ಗಂಟೆ ಜಾಸ್ತಿ. ನಮ್ಮ ತಾಯಿಗೆ ಬೇಕಾದದ್ದು 8ರಿಂದ 6, ಅಂದರೆ ಹತ್ತು ಗಂಟೆ. ಹಾಗಾದರೆ ಪ್ರಯೋಜನ ಏನು ಅಂತ ಕೇಳಬಹುದು. ಪ್ರಯೋಜನ ಇರುವುದು ಪಾಳಿಯಲ್ಲಿ. ಆ ಪ್ರದೇಶದ ಹೆಚ್ಚಿನ ತಾಯಂದಿರ ಕೆಲಸದ ಹೊತ್ತಿಗೆ ಹೊಂದಿಕೊಂಡು ಸಮಯ ಇಟ್ಟುಕೊಳ್ಳಬೇಕು ಅಂತ ಅದೇ ನಿಯಮ ಹೇಳುತ್ತದೆ. ಅಂಗನವಾಡಿ ಟೀಚರ್ ಎಂದಿನಂತೆ 9.30ರಿಂದ 4. ಕ್ರೆಷ್ ಸಹಾಯಕಿ 8ರಿಂದ 3.30. ಕ್ರೆಷ್ ಕಾರ್ಯಕರ್ತೆ 10.30ರಿಂದ 6. ಯಾರಿಗೂ ಏಳೂವರೆ ಗಂಟೆ ಮೀರಲಿಲ್ಲ. ಕೇಂದ್ರ ಮಾತ್ರ ಹತ್ತು ಗಂಟೆ ತೆರೆದಿತ್ತು.

ಇದರಲ್ಲೊಂದು ತೊಡಕು ಉಂಟು, ಅದನ್ನು ಮುಚ್ಚಿಡಬಾರದು. ಬೆಳಿಗ್ಗೆ 8ರಿಂದ 9.30ರ ತನಕ ಒಬ್ಬಳೇ, ಸಂಜೆ 4ರ ನಂತರವೂ ಒಬ್ಬಳೇ. ಅಂಬೆಗಾಲಿಡುವ ಮಗು, ನಡೆಯಲು ಕಲಿತ ಮಗು, ಎಲ್ಲ ಸೇರಿ ಹತ್ತು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳಲು ಆಗುವುದಿಲ್ಲ. ಒಂದು ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದರೆ ಉಳಿದವರ ಹತ್ತಿರ ಯಾರು? ನಮ್ಮೂರಿನ ಅಂಗಳದಲ್ಲಿ ಬಾವಿ ಇರುತ್ತದೆ, ತೋಡು ಇರುತ್ತದೆ. ಆದ್ದರಿಂದ ಈ ಎರಡು ಹೊತ್ತಿಗೆ ಇನ್ನೊಬ್ಬರು ಬೇಕೇ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ, ಅವರಿಗೆ ಹಣ ಎಲ್ಲಿಂದ ಅಂತಲೂ ಬರೆಯಿರಿ. ಹಳೆಯ ಶಿಶುಪಾಲನಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಮನೆಯಿಂದ ಮಗುವಿಗೆ ತಿಂಗಳಿಗೆ 20 ರೂಪಾಯಿ, ಕುಟುಂಬದ ತಿಂಗಳ ಆದಾಯ 12,000ದವರೆಗೆ ಇದ್ದರೆ 100, ಅದಕ್ಕಿಂತ ಹೆಚ್ಚಿದ್ದರೆ 200 ಅಂತ ಶುಲ್ಕ ಇತ್ತು. ಅಂಥ ಸಣ್ಣ ಶುಲ್ಕ, ದಾನಿಗಳ ನೆರವು, ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಇವುಗಳಲ್ಲಿ ಯಾವುದು ನಿಮ್ಮ ಊರಿಗೆ ಹೊಂದುತ್ತದೆ ಅಂತ ಕೂತು ಮಾತಾಡಿ. ಬಡ ತಾಯಿಯ ಮೇಲೆ ಭಾರ ಹಾಕುವುದು ಕೊನೆಯ ದಾರಿ.

ಅಂಗನವಾಡಿ ಟೀಚರ್‌ಗಳು ಇಲ್ಲಿದ್ದೀರಿ. ನಿಮಗೆ ಮೊಬೈಲ್‌ನಲ್ಲಿ ಮಾಹಿತಿ ತುಂಬುವ ಪೋಷಣ್ ಟ್ರ್ಯಾಕರ್ ಇದೆ, ಮನೆ ಭೇಟಿ ಇದೆ, ಸರ್ವೆ ಇದೆ, ಚುನಾವಣೆ ಬಂದರೆ ಮತಗಟ್ಟೆ ಕೆಲಸ ಇದೆ. ಸಿಗುವುದು ಗೌರವಧನ. ಗ್ರಾಚ್ಯುಟಿಗೆ ಕೂಡ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು. ಇಷ್ಟೆಲ್ಲ ಇರುವವರ ಹತ್ತಿರ ಹೋಗಿ, "ಟೀಚರ್, ಸಂಜೆ ಇನ್ನೆರಡು ಗಂಟೆ ಇದ್ದುಬಿಡಿ, ಮಕ್ಕಳೇ ಅಲ್ವಾ" ಅಂತ ಹೇಳುವುದು ಅನ್ಯಾಯ. ಪಂಚಾಯತ್ ಸದಸ್ಯರಲ್ಲಿ ನನ್ನ ವಿನಂತಿ ಇದು. ಅರ್ಜಿ ಬರೆಯುವ ಮೊದಲು ನಿಮ್ಮ ಟೀಚರ್ ಮತ್ತು ಸಹಾಯಕಿಯ ಜೊತೆ ಕೂತು ಮಾತಾಡಿ. ಅವರು ಒಪ್ಪದ ಪಾಳಿಯನ್ನು ಕಾಗದದಲ್ಲಿ ಬರೆಯಬೇಡಿ.

ಇನ್ನು ಯಾವ ಹೊತ್ತಿಗೆ ಸಮಯ ಹೆಚ್ಚು ಬೇಕು ಅನ್ನುವುದು. ಎಲ್ಲರೂ ಸಂಜೆ ಅಂತಲೇ ಅಂದುಕೊಳ್ಳುತ್ತಾರೆ. ಮಲ್ಪೆಯಲ್ಲಿ ಹಾಗಲ್ಲ. ಮೀನು ಏಲಂ ಆಗುವುದು ಬೆಳಗಿನ ಜಾವ. ಬುಟ್ಟಿ ಹೊತ್ತು ಮಾರಲು ಹೋಗುವ ಹೆಂಗಸರು ಕತ್ತಲೆ ಇರುವಾಗಲೇ ಮನೆ ಬಿಡುತ್ತಾರೆ. ಮಂಗಳೂರಿನ ದಕ್ಕೆಯಲ್ಲೂ ಇದೇ ಕತೆ. ಅವರಿಗೆ ಸಂಜೆ 6ರ ತನಕ ಕೇಂದ್ರ ತೆರೆದಿಟ್ಟರೆ ಏನೂ ಉಪಯೋಗ ಇಲ್ಲ, ಬೆಳಿಗ್ಗೆ ಬೇಗ ತೆರೆಯಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಹಾಜರಿ ಕುಸಿಯುತ್ತದೆ. ಇದನ್ನು ಅರ್ಜಿಯಲ್ಲಿ ಮೊದಲೇ ಹೇಳದಿದ್ದರೆ, ಜುಲೈನಲ್ಲಿ ತಪಾಸಣೆಗೆ ಬಂದವರು ಖಾಲಿ ಕೋಣೆ ನೋಡಿ "ಬೇಡಿಕೆ ಇಲ್ಲ" ಅಂತ ಬರೆದುಕೊಂಡು ಹೋಗುತ್ತಾರೆ.

ಬೀಡಿ ಕಟ್ಟುವವರ ವಿಷಯ ಇನ್ನೂ ಸೂಕ್ಷ್ಮ. ನನ್ನ ಪ್ರಕಾರ ಉಡುಪಿ, ದಕ್ಷಿಣ ಕನ್ನಡ, ಈ ನಮ್ಮ ಎರಡು ಜಿಲ್ಲೆಗಳ ಅರ್ಜಿಗಳು ಸೋಲುವುದು ಇಲ್ಲೇ. ಬೀಡಿ ಕಟ್ಟುವ ಹೆಂಗಸು ಮನೆಯಲ್ಲೇ ಇರುತ್ತಾಳೆ. ಸರ್ವೆಗೆ ಬಂದವರು ಅವಳ ಹೆಸರಿನ ಮುಂದೆ 'ಗೃಹಿಣಿ' ಅಂತ ಬರೆಯುತ್ತಾರೆ. ಕೇಳಿದರೆ ಅವಳೂ "ಮನೆಯಲ್ಲೇ ಇದ್ದೇನೆ" ಅನ್ನುತ್ತಾಳೆ. ಆದರೆ ಅವಳು ಕೆಲಸದಲ್ಲಿದ್ದಾಳೆ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಬೇಕಾದ ಬೀಡಿಯ ಲೆಕ್ಕ ಮುಗಿಯದೆ ಅವಳು ಏಳುವ ಹಾಗಿಲ್ಲ. ಮಡಿಲಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ತೆವಳುವ ಮಗು. ಅದೇ ಪುಡಿ ಮಗುವಿನ ಕೈಗೆ ತಾಗುತ್ತದೆ, ಕೈ ಬಾಯಿಗೆ ಹೋಗುತ್ತದೆ. ಮನೆಯಲ್ಲೇ ಕಟ್ಟುವವರು ಕೂಡ ಕಾರ್ಮಿಕರೇ ಅಂತ 1966ರ ಬೀಡಿ ಕಾರ್ಮಿಕರ ಕಾಯ್ದೆಯೇ ಒಪ್ಪಿಕೊಂಡಿತ್ತು. ಇವರಿಗೆ ಸಮಯ ಹೆಚ್ಚಿಸುವುದಕ್ಕಿಂತಲೂ ಮೂರು ವರ್ಷದೊಳಗಿನ ಮಗುವಿಗೆ ಹಗಲು ಜಾಗ ಸಿಗುವುದು ಮುಖ್ಯ. ನಿಮ್ಮ ಪಟ್ಟಿಯಲ್ಲಿ ಅವರನ್ನು 'ಮನೆಯಲ್ಲಿ ಬೀಡಿ ಕೆಲಸ, ಇಷ್ಟು ಗಂಟೆಯಿಂದ ಇಷ್ಟು ಗಂಟೆ' ಅಂತಲೇ ಬರೆಯಿರಿ. ಗೃಹಿಣಿ ಅಂತ ಬರೆದ ಕೂಡಲೇ ಆ ಮಗು ಲೆಕ್ಕದಿಂದ ಹೊರಗೆ ಹೋಗುತ್ತದೆ.

ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದ ಕುಟುಂಬಗಳು ಮಂಗಳೂರು, ಮಣಿಪಾಲದಲ್ಲಿ ತುಂಬಾ ಇವೆ. ಅವರ ಮಕ್ಕಳ ಹೆಸರನ್ನೂ ಪಟ್ಟಿಗೆ ಸೇರಿಸಿ. ಅಂಗನವಾಡಿ ಸೇವೆಗೆ ಇಲ್ಲಿನ ರೇಷನ್ ಕಾರ್ಡ್ ಬೇಕು ಅಂತ ಯಾರಾದರೂ ಹೇಳಿದರೆ ಅದು ತಪ್ಪು.

ಮಾಲಕರ ಹೊಣೆಯ ಬಗ್ಗೆಯೂ ಒಂದು ಮಾತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು ಅಂತ ಆಯಿತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ನಿಮ್ಮ ಪಟ್ಟಿಯಲ್ಲಿ ಒಂದೇ ಕಾರ್ಖಾನೆಯ ಹೆಂಗಸರು ಜಾಸ್ತಿ ಇದ್ದರೆ ಮೊದಲು ಆ ಮಾಲಕರಿಗೆ ಪತ್ರ ಬರೆಯಿರಿ. ಕಾರ್ಮಿಕ ಇಲಾಖೆಗೆ ಅದರ ಪ್ರತಿ ಕಳುಹಿಸಿ. ಅವರು ಮಾಡಬೇಕಾದದ್ದನ್ನು ಸರ್ಕಾರದ ಹಣದಲ್ಲಿ ಮಾಡಿಕೊಟ್ಟರೆ, ಮಾಲಕರೇ ಇಲ್ಲದ ಮೀನು ಮಾರುವ ತಾಯಿಯ ಪಾಲು ಅಷ್ಟು ಕಡಿಮೆಯಾಗುತ್ತದೆ.

ಇನ್ನು ಅರ್ಜಿ ಹೋಗುವ ದಾರಿ. ಪಾಲ್ನಾಕ್ಕೆ ನಾವು ದೆಹಲಿಗೆ ನೇರ ಬರೆಯುವುದಲ್ಲ. ಪ್ರಸ್ತಾವನೆ ಕಳುಹಿಸುವುದು ರಾಜ್ಯ. ನಮ್ಮ ಮಟ್ಟದಲ್ಲಿ ಅಂಗನವಾಡಿಯದ್ದೇ ಆದ ಬಾಲವಿಕಾಸ ಸಮಿತಿಯಿಂದ ಶುರು ಮಾಡಿ. ಅಲ್ಲಿ ನಿರ್ಣಯ, ಆಮೇಲೆ ಮಹಿಳಾ ಗ್ರಾಮಸಭೆ, ಗ್ರಾಮಸಭೆ. ಅಲ್ಲಿಂದ ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರು. ಒಂದು ಪ್ರತಿ ಜಿಲ್ಲಾ ಪಂಚಾಯತ್ ಸಿಇಒಗೆ. ಜಿಲ್ಲೆಯಿಂದ ಬೇಡಿಕೆ ಬರಹದಲ್ಲಿ ಹೋಗದಿದ್ದರೆ ರಾಜ್ಯದ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬರಲು ಕಾರಣವೇ ಇರುವುದಿಲ್ಲ. ಜನ ಕೇಳಿ ಪಡೆಯುವುದು ಹೊಸ ವಿಷಯ ಅಲ್ಲ. 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿಯವರು ಅಂಗನವಾಡಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಅಂತ 2006ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು.

ಪಂಚಾಯತ್ ಹಣದಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಸದಸ್ಯರು ತಿಳಿದಿರಬೇಕು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗೆ ಕೊಟ್ಟ 29 ವಿಷಯಗಳಲ್ಲಿ 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. "ಇದು ನಮ್ಮ ಕೆಲಸ ಅಲ್ಲ" ಅನ್ನುವ ಹಾಗಿಲ್ಲ. ಆದರೆ 15ನೇ ಹಣಕಾಸು ಆಯೋಗದ ನಿರ್ಬಂಧವಿಲ್ಲದ ಅನುದಾನವನ್ನೂ ಸಂಬಳಕ್ಕೆ ಬಳಸಬಾರದು ಅಂತ ನಿಯಮ ಇತ್ತು. ಹಾಗಾಗಿ ಜನರನ್ನು ಇಲಾಖೆಯಿಂದ ಕೇಳಿ, ಜಾಗವನ್ನು ಪಂಚಾಯತ್ ಸರಿ ಮಾಡಲಿ. ಮಕ್ಕಳ ಎತ್ತರದ ಶೌಚಾಲಯ, ಬಾವಿಗೆ ಕಟ್ಟೆ ಮತ್ತು ಬಲೆ, ಮಳೆ ಇರಚಲು ಒಳಗೆ ಬಾರದ ಹಾಗೆ ಜಗಲಿಗೆ ಚಾವಣಿ, ಕುಡಿಯುವ ನೀರು. ಪಂಚಾಯತ್‌ನ ವಾರ್ಷಿಕ ಅಭಿವೃದ್ಧಿ ಯೋಜನೆಯಾದ 'ನಮ್ಮ ಗ್ರಾಮ ನಮ್ಮ ಯೋಜನೆ' ತಯಾರಾಗುವ ಹೊತ್ತಿಗೆ ಇವು ಅದರೊಳಗೆ ಸೇರಿರಬೇಕು. ತಯಾರಾದ ಮೇಲೆ ಹೋಗಿ ಕೇಳಿದರೆ ಮುಂದಿನ ವರ್ಷ ಅನ್ನುತ್ತಾರೆ.

ಬರೆಯುವ ರೀತಿ ಬಗ್ಗೆ ಹೇಳುತ್ತೇನೆ. ನಮ್ಮ ಅರ್ಜಿಗಳು ಹೆಚ್ಚಾಗಿ ಹೀಗಿರುತ್ತವೆ: "ನಮ್ಮ ಊರಿನ ಬಡ ಮಹಿಳೆಯರಿಗೆ ಅನುಕೂಲವಾಗುವಂತೆ ಹಾಗೂ ಮಕ್ಕಳ ಸರ್ವತೋಮುಖ ಬೆಳವಣಿಗೆಗಾಗಿ ತಾವು ದಯಮಾಡಿ ಅಂಗನವಾಡಿಯ ಸಮಯವನ್ನು ವಿಸ್ತರಿಸಬೇಕಾಗಿ ವಿನಂತಿ." ಇದನ್ನು ಓದಿದ ಅಧಿಕಾರಿಗೆ ಮನಸ್ಸಿದ್ದರೂ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅದರ ಬದಲು, ಉದಾಹರಣೆಗೆ, ಹೀಗೆ ಬರೆಯಿರಿ: "ಈ ಕೇಂದ್ರದ ವ್ಯಾಪ್ತಿಯಲ್ಲಿ 3 ವರ್ಷದೊಳಗಿನ 9 ಮತ್ತು 3ರಿಂದ 6 ವರ್ಷದ 14 ಮಕ್ಕಳ ತಾಯಂದಿರು ದುಡಿಯುತ್ತಾರೆ. 11 ತಾಯಂದಿರು ಬೆಳಿಗ್ಗೆ 8ಕ್ಕೆ ಹೋಗಿ ಸಂಜೆ 6ಕ್ಕೆ ಮರಳುತ್ತಾರೆ. ತಾಯಂದಿರ ಹೆಸರು, ಕೆಲಸ, ಹೋಗುವ ಮತ್ತು ಬರುವ ಸಮಯ, ಸಹಿ ಇರುವ ಪಟ್ಟಿ ಲಗತ್ತಿಸಿದೆ." ಇಂಥ ಅರ್ಜಿಯನ್ನು ಬದಿಗೆ ಇಡುವುದು ಕಷ್ಟ.

ಸಂಖ್ಯೆಯನ್ನು ಉಬ್ಬಿಸಬೇಡಿ. ಒಂದು ಕ್ರೆಷ್‌ಗೆ 25 ಮಕ್ಕಳು ಅಂತ ಮಿತಿ ಇದೆ. 25 ತುಂಬಿಸಬೇಕು ಅಂತ ಬರದ ಮಕ್ಕಳ ಹೆಸರು ಸೇರಿಸಿದರೆ, ಹಾಜರಿ ಪುಸ್ತಕವೇ ಆಮೇಲೆ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಖರ್ಚನ್ನು ಎರಡಾಗಿ ಬರೆಯಿರಿ. ಒಂದು ಸಲದ ಖರ್ಚು ಬೇರೆ: ಚಾಪೆ, ತೊಟ್ಟಿಲು, ಪಾತ್ರೆ, ಆಟದ ಸಾಮಾನು. ತಿಂಗಳ ಖರ್ಚು ಬೇರೆ: ಗೌರವಧನ, ಸಂಜೆಯ ತಿಂಡಿ, ಹಾಲು, ಗ್ಯಾಸ್, ಸಾಬೂನು. ಸಂಜೆಯ ತಿಂಡಿಯನ್ನು ಬಹಳ ಜನ ಮರೆಯುತ್ತಾರೆ. ಮಧ್ಯಾಹ್ನ ಊಟ ಮಾಡಿದ ಮೂರು ವರ್ಷದ ಮಗು 6 ಗಂಟೆ ತನಕ ಹಸಿವಿನಲ್ಲಿ ಕೂತಿರಬೇಕಾ? ಹಾಗೆಯೇ ಆ ಹೆಚ್ಚಿನ ಹೊತ್ತಿಗೆ ಮತ್ತೆ ಅಕ್ಷರ, ಇಂಗ್ಲಿಷ್ ಪದ್ಯ ಅಂತ ಬರೆಯಬೇಡಿ. ದಿನವಿಡೀ ಹೊರಗಿದ್ದ ಮಗುವಿಗೆ ನಿದ್ದೆ, ಆಟ, ಯಾರದಾದರೂ ಮಡಿಲು ಬೇಕು.

ಮಳೆ ರಜೆಯ ಬಗ್ಗೆಯೂ ಒಂದು ಸಾಲು ಇರಲಿ. ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ಅಂಗನವಾಡಿಗೂ ರಜೆ, ಕಾರ್ಖಾನೆಗೆ ರಜೆ ಇಲ್ಲ. ಆ ದಿನ ಕ್ರೆಷ್ ತೆರೆಯುತ್ತದಾ, ಕಟ್ಟಡ ಅಷ್ಟು ಭದ್ರ ಇದೆಯಾ, ಇಲ್ಲದಿದ್ದರೆ ತಾಯಂದಿರಿಗೆ ಹಿಂದಿನ ರಾತ್ರಿಯೇ ಯಾರು ತಿಳಿಸುತ್ತಾರೆ ಅಂತ ನಿರ್ಧಾರ ಮಾಡಿ.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ತೆಗೆದುಕೊಳ್ಳಿ, ಕಡತದ ಸಂಖ್ಯೆ ಕೇಳಿ ಬರೆದುಕೊಳ್ಳಿ. ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕಡತ ಯಾವ ಹಂತದಲ್ಲಿದೆ ಅಂತ ಕೇಳಿ. ಜಗಳಕ್ಕಾಗಿ ಅಲ್ಲ, ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಬೇಕಾದ ಕಾಗದ ಕೊಡಬಹುದು. ಮಂಜೂರಾದ ಮೇಲೆ ಹಾಜರಿ, ಬಿಲ್ಲು, ಬಳಕೆ ಪ್ರಮಾಣಪತ್ರ ತಿಂಗಳು ತಿಂಗಳು ಸರಿಯಾಗಿರಲಿ. ಹಿಂದಿನ ಕಂತಿನ ಲೆಕ್ಕ ಹೋಗದೆ ಮುಂದಿನ ಕಂತು ಬರುವುದಿಲ್ಲ, ಕಂತು ಬಾರದಿದ್ದರೆ ಮೊದಲು ತೊಂದರೆಯಾಗುವುದು ಕ್ರೆಷ್ ಕಾರ್ಯಕರ್ತೆಗೆ.

ಮಾತು ಮುಗಿದ ಮೇಲೆ ಕಾಪು ಕಡೆಯ ಒಬ್ಬರು ಅಕ್ಕ ಕೇಳಿದರು: "ಮನೆಯಲ್ಲಿ ಅತ್ತೆ ಇದ್ದಾರೆ. ಅಂಥ ಮನೆಯ ಮಗುವಿನ ಹೆಸರು ಬರೆಯಬಹುದಾ? ನೋಡಿಕೊಳ್ಳುವವರು ಇದ್ದಾರಲ್ಲ ಅಂತ ತೆಗೆದುಹಾಕುವುದಿಲ್ವಾ?" ಬರೆಯಬೇಕು ಅಂತ ಹೇಳಿದೆ. ಅತ್ತೆಯ ವಯಸ್ಸು ಬರೆಯಿರಿ, ಅವರೂ ಬೀಡಿ ಕಟ್ಟುತ್ತಾರಾ, ತೋಟದ ಕೆಲಸಕ್ಕೆ ಹೋಗುತ್ತಾರಾ, ಮಂಡಿ ನೋವು ಇದೆಯಾ ಅಂತ ಅದೇ ಸಾಲಿನಲ್ಲಿ ಬರೆಯಿರಿ. ಮತ್ತು ಅತ್ತೆಯನ್ನೇ ಕೇಳಿ, ಅವರ ಸಹಿಯನ್ನೂ ಹಾಕಿಸಿ.